ಗರ್ಭಿಣಿಯರ ಡಾಪ್ಲರ್ ಪರೀಕ್ಷೆ: ವರದಿಯನ್ನು ಅರಿಯುವ ಬಗೆ

ಗರ್ಭಿಣಿಯ ಸ್ಕ್ಯಾನಿಂಗ್ ಎಂದೊಡನೆ ನಮಗೆ ನೆನಪಾಗುವುದು ಮಗುವಿನ ಚಿತ್ರ. ಅದೇ ಯಂತ್ರದಿಂದ ಗರ್ಭಕೋಶಕ್ಕೂ ಮಗುವಿಗೂ ರಕ್ತ ಹರಿಯುವ ರೀತಿಯನ್ನು ಅಳೆಯಲೂ ಸಾಧ್ಯ. ಇದೇ ಡಾಪ್ಲರ್ ಪರೀಕ್ಷೆ. ಹೊಸೂರು, ಡೆಂಕಣಿಕೋಟೆ, ತಳಿ ಭಾಗದ ಕನ್ನಡ ಮನೆಗಳಿಗೆ ಇದರ ವರದಿ ಇಂಗ್ಲಿಷಿನಲ್ಲಿ ಬರುತ್ತದೆ. ಆದ್ದರಿಂದ ಅದರ ಮುಖ್ಯಾಂಶಗಳನ್ನು ಇಲ್ಲಿ ವಿವರಿಸುತ್ತಿದ್ದೇವೆ.

ತತ್ತ್ವ: ಹೆದ್ದಾರಿಯಲ್ಲಿ ಲಾರಿ ಸಮೀಪಿಸುವಾಗ ಅದರ ಹಾರನ್ನಿನ ದನಿ ಏರಿದಂತೆಯೂ, ದಾಟಿಹೋದಾಗ ಇಳಿದಂತೆಯೂ ಕೇಳುತ್ತದೆ. ಚಲನೆಯಿಂದ ಅಲೆಗಳಲ್ಲಾಗುವ ಇಂತಹ ಬದಲಾವಣೆಯನ್ನು ಆಸ್ಟ್ರಿಯಾದ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದನು. ಹರಿಯುವ ರಕ್ತಕಣಗಳಿಂದ ಮರಳುವ ಶ್ರವಣಾತೀತ ಧ್ವನಿಯ ಅಲೆಗಳಲ್ಲಿ ಇದನ್ನೇ ಅಳೆದು, ಹರಿವಿನ ವೇಗವನ್ನು ತಿಳಿಯುತ್ತಾರೆ. ಇದರಲ್ಲಿ ಎಕ್ಸ್‌ರೇ ಬಳಕೆಯಿಲ್ಲ.

ರಕ್ತನಾಳಗಳ ಕೆಲಸ: ಬಸಿರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಒಳಗಿನ ಸಣ್ಣ ಸುರುಳಿ ರಕ್ತನಾಳಗಳು ಅಗಲವಾಗಿ ಸಡಿಲಗೊಳ್ಳುತ್ತವೆ. ದಿನ ತುಂಬುವ ಹೊತ್ತಿಗೆ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹರಿಯುತ್ತದೆ. ನಾಳಗಳು ಸರಿಯಾಗಿ ಅಗಲವಾಗದಿದ್ದರೆ ಮಾಸಿಗೆ ರಕ್ತ ಸಾಲದೆ ಮಗುವಿನ ಬೆಳವಣಿಗೆ ಕುಂಠಿತವಾಗಬಹುದು; ತಾಯಿಗೆ ರಕ್ತದೊತ್ತಡ ಏರಿ ಗರ್ಭನಂಜು ತಲೆದೋರಬಹುದು. 20 ವಾರಗಳ ಬಳಿಕ ಒತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾಗುವುದು ಇದರ ಮುಖ್ಯ ಲಕ್ಷಣ.

ವರದಿಯ ಪದಗಳು: ‘ಯುಟೆರೈನ್ ಆರ್ಟರಿ’ ಎಂದರೆ ಗರ್ಭಕೋಶದ ಅಪಧಮನಿ, ‘ಅಂಬಿಲಿಕಲ್ ಆರ್ಟರಿ’ ಹೊಕ್ಕುಳಬಳ್ಳಿಯದು. ‘ಪಿ.ಐ.’ ಎಂಬುದು ಹರಿವಿಗೆ ಇರುವ ತಡೆಯನ್ನು ಸೂಚಿಸುವ ಅಂಕಿ. ಗರ್ಭಕೋಶದ ಅಪಧಮನಿಯಲ್ಲಿ ಇದು ಬಸಿರು ಬೆಳೆದಂತೆ ಇಳಿಯಬೇಕು. ‘ನಾಚ್’ ಎಂದರೆ ಹರಿವಿನ ರೇಖೆಯಲ್ಲಿ ಕಾಣುವ ಕಚ್ಚು; ಆರಂಭದಲ್ಲಿ ಅದು ಸಹಜ, 24 ವಾರಗಳ ನಂತರವೂ ಉಳಿದರೆ ಹೆಚ್ಚಿನ ನಿಗಾ ಬೇಕು. ಈ ಅಂಕಿಗಳು ಅಪಾಯದ ಸುಳಿವುಗಳೇ ಹೊರತು ರೋಗನಿರ್ಣಯವಲ್ಲ.

ಉಪಯೋಗ: 11ರಿಂದ 14ನೆಯ ವಾರದ ಪರೀಕ್ಷೆಯಲ್ಲಿ ಅಪಾಯ ಹೆಚ್ಚೆಂದು ಕಂಡ ಗರ್ಭಿಣಿಯರಿಗೆ ದಿನಕ್ಕೆ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. 37 ವಾರಗಳಿಗೆ ಮುನ್ನವೇ ಹೆರಿಗೆಗೆ ಕಾರಣವಾಗುವ ಗರ್ಭನಂಜು ಅದರಲ್ಲಿ ಶೇ. 4.3ರಿಂದ ಶೇ. 1.6ಕ್ಕೆ ಇಳಿದಿತ್ತು. ಆದರೆ ವೈದ್ಯರು ಹೇಳದೆ ಈ ಮಾತ್ರೆಯನ್ನು ಸೇವಿಸಕೂಡದು.

ಗಡಿ ದಾಟುವಾಗ: ಸೀಮಂತದ ಬಳಿಕ ನಮ್ಮ ಹೆಣ್ಣುಮಕ್ಕಳು ಆನೇಕಲ್, ಮಾಲೂರು ಮೊದಲಾದ ಕಡೆಯ ತವರಿಗೆ ತೆರಳುವುದುಂಟು, ಅತ್ತಲಿಂದ ಇತ್ತ ಬರುವವರೂ ಉಂಟು. ತಮಿಳುನಾಡಿನಲ್ಲಿ ಪಿಕ್ಮಿ ಸಂಖ್ಯೆ, ಕರ್ನಾಟಕದಲ್ಲಿ ತಾಯಿ ಕಾರ್ಡ್. ದಾಖಲೆಯ ಪದ್ಧತಿ ಬೇರೆ ಬೇರೆ. ಡಾಪ್ಲರ್ ಅಂಕಿಗಳ ಬೆಲೆಯಿರುವುದು ಹಿಂದಿನವುಗಳೊಡನೆ ಹೋಲಿಸಿದಾಗ. ಆದಕಾರಣ ಎಲ್ಲ ಸ್ಕ್ಯಾನ್ ವರದಿಗಳನ್ನೂ, ರಕ್ತದೊತ್ತಡದ ಟಿಪ್ಪಣಿಗಳನ್ನೂ ಒಂದೇ ಕಡತದಲ್ಲಿಟ್ಟು ಜೊತೆಗೆ ಒಯ್ಯಬೇಕು; ಹೊಸ ವೈದ್ಯರಿಗೆ ಮೊದಲ ಭೇಟಿಯಲ್ಲಿಯೇ ತೋರಿಸಬೇಕು.

ತೀವ್ರ ತಲೆನೋವು, ಕಣ್ಣು ಮಂಜಾಗುವಿಕೆ, ಮೇಲುಹೊಟ್ಟೆಯ ನೋವು, ಮುಖದ ಹಠಾತ್ ಊತ, ಮಗುವಿನ ಚಲನೆ ಕಡಿಮೆಯಾಗುವುದು: ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಸ್ಕ್ಯಾನಿಂಗ್ ದಿನಕ್ಕಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಆಂಬುಲೆನ್ಸ್ ಕರೆಯ ಸಂಖ್ಯೆ ಎರಡೂ ರಾಜ್ಯಗಳಲ್ಲಿ ಒಂದೇ: 108.