ದಕ್ಷಿಣ ಸುಡಾನ್: ತೈಲವಿದ್ದೂ ಶಿಕ್ಷಕರಿಗೆ ಸಂಬಳವಿಲ್ಲದ ನಾಡು

ದಕ್ಷಿಣ ಸುಡಾನ್ ಆಫ್ರಿಕಾ ಖಂಡದ ಅತ್ಯಂತ ಕಿರಿಯ ರಾಷ್ಟ್ರ. 2011ರ ಜನವರಿಯಲ್ಲಿ ನಡೆದ ಜನಮತಗಣನೆಯಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ ಸುಡಾನಿನಿಂದ ಬೇರ್ಪಡುವುದಕ್ಕೆ ಮತವಿತ್ತರು. ಅದೇ ವರ್ಷದ ಜುಲೈ 9ರಂದು ದೇಶ ಸ್ವತಂತ್ರವಾಯಿತು. ರಾಜಧಾನಿ ಜೂಬಾ ಬಿಳಿ ನೈಲ್ ನದಿಯ ದಂಡೆಯಲ್ಲಿದೆ. ಆ ನದಿ ಹರಡಿಕೊಂಡು ನಿರ್ಮಿಸಿರುವ ಸುಡ್ ಎಂಬ ಜೌಗು ಪ್ರದೇಶ ಲೋಕದ ಅತಿ ವಿಶಾಲ ಜೌಗುಗಳಲ್ಲೊಂದು. ದನಕರು, ಜೋಳ, ಮೀನು, ನೀರು ಇವೆಲ್ಲ ಅಲ್ಲುಂಟು. ನೆಲದಡಿಯಲ್ಲಿ ತೈಲವೂ ಉಂಟು. ಆದರೂ ಅದನ್ನು ಜಗತ್ತಿನ ಅತಿ ದುರ್ಬಲ ರಾಷ್ಟ್ರಗಳ ಸಾಲಿನಲ್ಲಿ ಎಣಿಸುತ್ತಾರೆ. ಕಾರಣ ಹೇಳುವವರು ಸಾಮಾನ್ಯವಾಗಿ ಬುಡಕಟ್ಟುಗಳ ಕಲಹವನ್ನೇ ಮೊದಲು ಹೆಸರಿಸುತ್ತಾರೆ. ಹಣ ಬಂದ ದಾರಿಯನ್ನು ಮೊದಲು ನೋಡುವುದು ಲೇಸೆಂದು ನಾವು ಭಾವಿಸುತ್ತೇವೆ.

ಅವಿಭಜಿತ ಸುಡಾನ್ ಸ್ವತಂತ್ರವಾದದ್ದು 1956ರ ಜನವರಿ 1ರಂದು, ಅಂದರೆ ನಮ್ಮ ಊರುಗಳು ಯಾವ ರಾಜ್ಯಕ್ಕೆ ಸೇರಬೇಕೆಂಬುದು ತೀರ್ಮಾನವಾದ ವರ್ಷದಲ್ಲೇ. ಅಧಿಕಾರವೆಲ್ಲ ಉತ್ತರದ ಖಾರ್ಟೂಮಿನಲ್ಲಿ ಉಳಿಯಿತು. ದಕ್ಷಿಣದವರು 1955ರಿಂದ 1972ರವರೆಗೆ ಒಮ್ಮೆ, 1983ರಿಂದ 2005ರವರೆಗೆ ಮತ್ತೊಮ್ಮೆ ಶಸ್ತ್ರ ಹಿಡಿದರು. ಈ ಎರಡು ಯುದ್ಧಗಳ ನಡುವೆ, 1978ರಲ್ಲಿ, ಬೆಂಟಿಯು ಪಟ್ಟಣದ ಸಮೀಪ ತೈಲ ಸಿಕ್ಕಿತು. ಅದನ್ನು ಹೊರತೆಗೆದು ಮಾರುವ ವ್ಯವಸ್ಥೆ ಸಿದ್ಧವಾಗುವ ಹೊತ್ತಿಗೆ ಎರಡನೆಯ ಯುದ್ಧ ಉತ್ತುಂಗದಲ್ಲಿತ್ತು. 1999ರಲ್ಲಿ ಸುಮಾರು 1,600 ಕಿ.ಮೀ. ಉದ್ದದ ಕೊಳವೆಮಾರ್ಗ ಪೂರ್ಣಗೊಂಡಿತು; ಅದು ದಕ್ಷಿಣದ ತೈಲವನ್ನು ಉತ್ತರದ ಮರುಭೂಮಿಯ ಮೂಲಕ ಕೆಂಪು ಸಮುದ್ರದ ಪೋರ್ಟ್ ಸುಡಾನಿಗೆ ಒಯ್ದಿತು. ಚೀನಾ ಮತ್ತು ಮಲೇಷ್ಯಾದ ಕಂಪನಿಗಳ ಜೊತೆಯಲ್ಲಿ ಭಾರತದ ಸರ್ಕಾರಿ ಸಂಸ್ಥೆ ಓಎನ್‌ಜಿಸಿ ವಿದೇಶ್ ಕೂಡ 2003ರಲ್ಲಿ ಈ ಉದ್ಯಮದ ನಾಲ್ಕನೆಯ ಒಂದು ಪಾಲನ್ನು ಕೊಂಡಿತು.

ಬೇರ್ಪಟ್ಟಾಗ ಅವಿಭಜಿತ ದೇಶದ ತೈಲೋತ್ಪಾದನೆಯ ಮುಕ್ಕಾಲು ಪಾಲು ದಕ್ಷಿಣಕ್ಕೆ ಬಂತು. ಕೊಳವೆ, ಶುದ್ಧೀಕರಣ ಘಟಕ, ಬಂದರು ಇವೆಲ್ಲ ಉತ್ತರದಲ್ಲೇ ಉಳಿದವು. ಹೊಸ ಸರ್ಕಾರದ ಆದಾಯದಲ್ಲಿ ನೂರಕ್ಕೆ 98ರಷ್ಟು ತೈಲದಿಂದಲೇ ಬರುತ್ತಿತ್ತು. ಸಾಗಣೆಯ ಶುಲ್ಕವಾಗಿ ಸುಡಾನ್ ಬ್ಯಾರೆಲ್ಲಿಗೆ 30 ಡಾಲರಿಗೂ ಹೆಚ್ಚು ಕೇಳಿತು. ತಮ್ಮ ತೈಲವನ್ನು ಕದಿಯಲಾಗುತ್ತಿದೆಯೆಂದು ದಕ್ಷಿಣದವರು ದೂರಿ, 2012ರ ಜನವರಿಯಲ್ಲಿ ಬಾವಿಗಳನ್ನೇ ಮುಚ್ಚಿಬಿಟ್ಟರು. ದಿನಕ್ಕೆ ಸುಮಾರು 3,50,000 ಬ್ಯಾರೆಲ್ ಉತ್ಪಾದನೆ ಒಮ್ಮೆಲೇ ನಿಂತಿತು. ನೆರೆಯವನ ಮೇಲಿನ ಕೋಪಕ್ಕೆ ತನ್ನ ಒಲೆಯನ್ನೇ ಆರಿಸಿಕೊಂಡಂತೆ ಆಯಿತು. ತೈಲ ಮತ್ತೆ ಹರಿದದ್ದು 2013ರ ಏಪ್ರಿಲಿನಲ್ಲಿ.

ಅದಕ್ಕೆ ಮುನ್ನ ಆದ ಒಪ್ಪಂದದ ಲೆಕ್ಕ ತಿಳಿಯಬೇಕಾದದ್ದು. ಬ್ಯಾರೆಲ್ಲಿಗೆ 9ರಿಂದ 11 ಡಾಲರ್ ಸಾಗಣೆ ಮುಂತಾದ ಶುಲ್ಕ. ಅದರ ಮೇಲೆ, ತೈಲ ಕಳೆದುಕೊಂಡ ಸುಡಾನಿಗೆ ಪರಿಹಾರವಾಗಿ ಸುಮಾರು 300 ಕೋಟಿ ಡಾಲರ್ ಸಂದಾಯವಾಗುವವರೆಗೆ ಬ್ಯಾರೆಲ್ಲಿಗೆ 15 ಡಾಲರ್. ಎರಡೂ ಸೇರಿ 25 ಡಾಲರಿನ ಆಸುಪಾಸು. ತೈಲದ ಬೆಲೆ 100 ಡಾಲರ್ ಇದ್ದಾಗ ಈ ಹೊರೆ ತಾಳುವಂತಿತ್ತು. 2016ರ ಜನವರಿಯಲ್ಲಿ ಬೆಲೆ 30 ಡಾಲರಿಗಿಂತ ಕೆಳಗಿಳಿಯಿತು. ದಕ್ಷಿಣ ಸುಡಾನಿನ ಡಾರ್ ಎಂಬ ಬಗೆಯ ಕಚ್ಚಾತೈಲ ಮಂದವಾದದ್ದು, ಆಮ್ಲೀಯವಾದದ್ದು. ಅದಕ್ಕೆ ಇನ್ನೂ ಕಡಿಮೆ ಬೆಲೆ. ತೆಗೆಯುವ ಖರ್ಚು, ಶುಲ್ಕ, ಪರಿಹಾರ ಕಳೆದರೆ ಬೊಕ್ಕಸಕ್ಕೆ ಉಳಿದದ್ದು ಏನೂ ಇಲ್ಲವೆಂಬಷ್ಟು. ಆ ಬಳಿಕವೇ ಶುಲ್ಕವನ್ನು ಬೆಲೆಗೆ ಹೊಂದಿಸಲು ಸುಡಾನ್ ಒಪ್ಪಿತು. ಮುಂದೆ ತೆಗೆಯಲಿರುವ ತೈಲವನ್ನು ಒತ್ತೆಯಿಟ್ಟು ವರ್ತಕರಿಂದ ಮುಂಗಡ ತರುವ ಅಭ್ಯಾಸವೂ ಬೆಳೆಯಿತು.

ಬಂದ ಹಣವಾದರೂ ಎಲ್ಲಿ ಹೋಯಿತು? 2012ರ ಮೇ ತಿಂಗಳಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಅವರೇ 75 ಮಂದಿ ಹಾಲಿ ಮತ್ತು ಮಾಜಿ ಅಧಿಕಾರಿಗಳಿಗೆ ಪತ್ರ ಬರೆದು, ಕಾಣೆಯಾದ ಸುಮಾರು 400 ಕೋಟಿ ಡಾಲರನ್ನು ಹಿಂದಿರುಗಿಸುವಂತೆ ಕೇಳಿಕೊಂಡರು. ಹಣ ಕಳೆದದ್ದಕ್ಕಿಂತ ಅದನ್ನು ಪತ್ರ ಬರೆದು ಬೇಡಬೇಕಾಗಿ ಬಂದದ್ದೇ ಆಡಳಿತದ ಸ್ಥಿತಿಯನ್ನು ಹೆಚ್ಚು ಹೇಳುತ್ತದೆ. 2015ರ ಡಿಸೆಂಬರಿನವರೆಗೆ ಸರ್ಕಾರಿ ದರದಲ್ಲಿ 3 ಪೌಂಡಿಗೂ ಕಡಿಮೆಗೆ ಒಂದು ಡಾಲರ್ ದೊರೆಯುತ್ತಿತ್ತು, ಪೇಟೆಯಲ್ಲಿ ಅದಕ್ಕೆ ಹಲವು ಪಟ್ಟು ಬೆಲೆ. ಸರ್ಕಾರಿ ದರದ ಡಾಲರ್ ಕೈಗೆ ಸಿಕ್ಕವನು ಬೇರಾವ ವ್ಯಾಪಾರವನ್ನೂ ಮಾಡಬೇಕಾಗಿರಲಿಲ್ಲ. 2016ರಲ್ಲಿ ವಾರ್ಷಿಕ ಹಣದುಬ್ಬರ ನೂರಕ್ಕೆ 800ನ್ನು ದಾಟಿತು.

ಇಷ್ಟರಲ್ಲಿ ಯುದ್ಧ ಆರಂಭವಾಗಿತ್ತು. 2013ರ ಡಿಸೆಂಬರಿನಲ್ಲಿ ಕೀರ್ ಮತ್ತು ಪದಚ್ಯುತ ಉಪಾಧ್ಯಕ್ಷ ರಿಯೆಕ್ ಮಚಾರ್ ಅವರ ಪಡೆಗಳ ನಡುವೆ ಜೂಬಾದಲ್ಲಿ ಹೊತ್ತಿದ ಬೆಂಕಿ ತೈಲಬಾವಿಗಳಿರುವ ಯೂನಿಟಿ ಮತ್ತು ಅಪ್ಪರ್ ನೈಲ್ ರಾಜ್ಯಗಳಿಗೆ ಬೇಗನೆ ಹಬ್ಬಿತು. ಬಾವಿ ಯಾರ ವಶದಲ್ಲಿರುವುದೋ ಅವರದೇ ಬೊಕ್ಕಸವೆಂಬ ಸ್ಥಿತಿಯಲ್ಲಿ ಇದು ಅನಿರೀಕ್ಷಿತವಲ್ಲ. 2017ರ ಫೆಬ್ರವರಿಯಲ್ಲಿ ಯೂನಿಟಿ ರಾಜ್ಯದ ಕೆಲವು ಭಾಗಗಳಲ್ಲಿ ಕ್ಷಾಮ ಘೋಷಣೆಯಾಯಿತು. ಈ ಯುದ್ಧದ ದೆಸೆಯಿಂದ 3,80,000ಕ್ಕೂ ಹೆಚ್ಚು ಮಂದಿ ಸತ್ತರೆಂದು 2018ರಲ್ಲಿ ಲಂಡನ್ನಿನ ತಜ್ಞರು ಅಂದಾಜಿಸಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಶಾಂತಿ ಒಪ್ಪಂದವಾಯಿತು. ಅದು ಸೂಚಿಸಿದ ಚುನಾವಣೆಯನ್ನು ಹಲವು ಬಾರಿ ಮುಂದೂಡಿದ್ದಾರೆ.

2023ರ ಏಪ್ರಿಲಿನಲ್ಲಿ ನೆರೆಯ ಸುಡಾನಿನಲ್ಲೇ ಯುದ್ಧ ತೊಡಗಿತು. ಡಾರ್ ತೈಲವನ್ನು ದಾರಿಯುದ್ದಕ್ಕೂ ಬಿಸಿಯಾಗಿರಿಸಿ ತಳ್ಳಬೇಕು. ತಣಿದರೆ ಕೊಳವೆಯಲ್ಲೇ ಗಟ್ಟಿಯಾಗುತ್ತದೆ. ರಣಭೂಮಿಯ ನಡುವಿನ ಪಂಪುಗಳಿಗೆ ಡೀಸೆಲ್ ತಲುಪಲಿಲ್ಲ. 2024ರ ಫೆಬ್ರವರಿಯಲ್ಲಿ ಕೊಳವೆ ಒಡೆಯಿತು, ರಫ್ತಿನ ಬಹುಭಾಗ ಒಂದು ವರ್ಷದಷ್ಟು ಕಾಲ ನಿಂತಿತು. ಸರ್ಕಾರಿ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ದೊರೆಯಲಿಲ್ಲ. ಸೈನಿಕನಿಗೂ ಇಲ್ಲ, ಶಿಕ್ಷಕನಿಗೂ ಇಲ್ಲ. ಸೈನಿಕನ ಕೈಯಲ್ಲಿ ಬಂದೂಕಿದೆ. ರಸ್ತೆಗಳಲ್ಲೂ ನೈಲಿನ ದೋಣಿದಾರಿಯಲ್ಲೂ ತಡೆಗಟ್ಟೆ ಹಾಕಿ ವಸೂಲಿ ಮಾಡುವವರಿದ್ದಾರೆ. ಶಿಕ್ಷಕನು ಶಾಲೆ ಬಿಟ್ಟು ಬೇರೆ ದುಡಿಮೆ ಹುಡುಕುತ್ತಾನೆ.

ಮಕ್ಕಳನ್ನು ತಾಯ್ನುಡಿಯ ಶಾಲೆಗೆ ಕಳಿಸುವ ನಮ್ಮ ಓದುಗರು ಇದರ ಮತ್ತೊಂದು ಪರಿಣಾಮವನ್ನು ಬೇಗ ಗ್ರಹಿಸಬಲ್ಲರು. ಆ ದೇಶದಲ್ಲಿ 60ಕ್ಕೂ ಹೆಚ್ಚು ಭಾಷೆಗಳಿವೆ. ದಿಂಕಾ, ನುಯೆರ್, ಶಿಲ್ಲುಕ್, ಬಾರಿ, ಜಾಂದೆ ಮೊದಲಾದವುಗಳಲ್ಲಿ ಶಾಲಾ ಪುಸ್ತಕ ಸಿದ್ಧಪಡಿಸುವ ಯೋಚನೆ ಬ್ರಿಟಿಷರ ಕಾಲದಲ್ಲಿ, 1928ರ ರೆಜಾಫ್ ಸಮ್ಮೇಳನದಲ್ಲೇ ಮೂಡಿತ್ತು. ಸ್ವಾತಂತ್ರ್ಯಾನಂತರ ಖಾರ್ಟೂಮ್ ಅರಬ್ಬಿಯನ್ನು ಹೇರಿತು. ದಕ್ಷಿಣದವರ ದಂಗೆಗೆ ಇದೂ ಒಂದು ಕಾರಣ. 2011ರ ಸಂವಿಧಾನ ಇಂಗ್ಲಿಷನ್ನು ಆಡಳಿತಭಾಷೆಯಾಗಿಸಿ, ನಾಡಿನ ಎಲ್ಲ ಭಾಷೆಗಳೂ ರಾಷ್ಟ್ರಭಾಷೆಗಳೆಂದು ಸಾರಿತು. ಆರಂಭದ ಮೂರು ತರಗತಿಗಳ ಪಾಠ ಮಗುವಿನ ಮನೆಮಾತಿನಲ್ಲಿ ನಡೆಯಬೇಕೆಂಬುದು ಅಲ್ಲಿನ ಶಿಕ್ಷಣ ನೀತಿ. ಹಾಗೆ ಕಲಿಸಲು ಆಯಾ ಊರಿನ ಭಾಷೆ ಬಲ್ಲ ಶಿಕ್ಷಕನೇ ಬೇಕು. ಆತ ಇಂದು ಪೇಟೆಯಲ್ಲೋ ಉಗಾಂಡದ ನಿರಾಶ್ರಿತರ ಶಿಬಿರದಲ್ಲೋ ಇದ್ದಾನೆ.