ತೊಗಲಿನಿಂದ ಕನ್ಸೋಲಿನವರೆಗೆ: ಕೊಪ್ಪಳ ಸೀಮೆಯ ರಂಗದ ಬಣ್ಣದ ಬೆಳಕು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ರಂಗಕ್ಕೆ ಬಣ್ಣದ ಬೆಳಕು ವಿದ್ಯುತ್ತಿನ ಜೊತೆಗೆ ಬಂದದ್ದಲ್ಲ. ಕರೆಂಟಿನ ಕಂಬ ನೆಡುವ ಎಷ್ಟೋ ಮೊದಲೇ ಇಲ್ಲಿನ ಊರಬಯಲುಗಳಲ್ಲಿ ಕೆಂಪು, ಹಸಿರು, ಹಳದಿ ನೆರಳುಗಳು ಬಿಳಿ ಪರದೆಯ ಮೇಲೆ ಕುಣಿಯುತ್ತಿದ್ದವು. ಶಿಳ್ಳೇಕ್ಯಾತ ಸಮುದಾಯದ ತೊಗಲುಗೊಂಬೆಯಾಟವೇ ಈ ನಾಡಿನ ಮೊದಲ ಬಣ್ಣದ ಬೆಳಕಿನ ರಂಗಭೂಮಿ. ಕೊಪ್ಪಳದ ಸಮೀಪದ ಮೋರನಾಳ ಈ ಆಟಕ್ಕೆ ಹೆಸರಾದ ಊರು.

ಆಡಿನ ಚರ್ಮವನ್ನು ಕೂದಲು ತೆಗೆದು, ಹೆರೆದು, ಬೆಳಕು ತೂರುವಷ್ಟು ತೆಳ್ಳಗೆ ಮಾಡಿ ಗೊಂಬೆ ಕತ್ತರಿಸುತ್ತಾರೆ. ಬಣ್ಣವನ್ನು ಚರ್ಮದೊಳಗೆ ಇಳಿಯುವಂತೆ ಹಚ್ಚುತ್ತಾರೆ. ಒಡವೆ, ಸೆರಗಿನ ಅಂಚು ಕಾಣಬೇಕಾದಲ್ಲಿ ಉಳಿಯಿಂದ ಸಣ್ಣ ತೂತುಗಳನ್ನು ಕೊರೆಯುತ್ತಾರೆ. ಅಲ್ಲಿ ಬಣ್ಣವಿಲ್ಲದ ಬೆಳಕು ಹಾದು ಮುತ್ತಿನ ಸಾಲಾಗುತ್ತದೆ. ಹಿಂದೆ ಎಣ್ಣೆದೀಪ, ಮುಂದೆ ಬಿಳಿ ಬಟ್ಟೆ, ಸುತ್ತ ಕತ್ತಲೆಗಾಗಿ ಕಂಬಳಿ, ಸಲಕರಣೆ ಇಷ್ಟೇ. ಗೊಂಬೆಯನ್ನು ಬಟ್ಟೆಗೆ ಒತ್ತಿದರೆ ಬಣ್ಣ ತಿಳಿಯಾಗಿ ನಿಲ್ಲುತ್ತದೆ. ದೀಪದ ಕಡೆಗೆ ಸರಿಸಿದರೆ ಆಕೃತಿ ಹಿಗ್ಗಿ, ಅಂಚು ಕರಗಿ, ರಾಕ್ಷಸ ಪರದೆ ತುಂಬುತ್ತಾನೆ. ದೀಪದ ಕುಡಿ ಅಲುಗಿದಂತೆ ಗೊಂಬೆಯೂ ಉಸಿರಾಡುತ್ತದೆ. ಇಲ್ಲಿ ಬಣ್ಣ ದೀಪದಲ್ಲಿರಲಿಲ್ಲ, ದೀಪದ ಮುಂದಿನ ತೊಗಲಿನಲ್ಲಿತ್ತು. ಈ ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನ ಚರಿತ್ರೆ ಸುಲಭವಾಗಿ ತಿಳಿಯುತ್ತದೆ.

ಬಯಲಾಟದ ಒಂದು ಬಗೆಯಾದ ದೊಡ್ಡಾಟದ ಅಟ್ಟದ ಮೇಲೆ ಬೆಳಕಿಗೆ ಒಂದೇ ಬಣ್ಣ: ಪಂಜಿನ ಹಳದಿಗೆಂಪು. ಹಾಗಾಗಿ ಬಣ್ಣವೆಲ್ಲ ವೇಷಕ್ಕೆ ಹೋಯಿತು. ಅರದಾಳ, ಇಂಗಳೀಕದ ಮುಖವರ್ಣಿಕೆ, ಬೇಗಡೆ ಹಚ್ಚಿದ ಕಿರೀಟ, ಕನ್ನಡಿ ಚೂರು ಕೂಡಿಸಿದ ಭುಜಕೀರ್ತಿ ಇವೆಲ್ಲ ಪಂಜಿನ ಬೆಳಕಿಗೆಂದೇ ಹುಟ್ಟಿದವು. ಬೆಂಕಿಯ ಬೆಳಕಿನಲ್ಲಿ ಕೆಂಪು ಮತ್ತು ಬಂಗಾರ ಉರಿಯುತ್ತವೆ, ನೀಲಿ ಕಪ್ಪಾಗುತ್ತದೆ. ಹಳೆಯ ವೇಷಗಾರರಿಗೆ ಇದು ಅನುಭವದಿಂದ ಗೊತ್ತಿತ್ತು. ರಾಕ್ಷಸ ಪಾತ್ರ ಬರುವಾಗ ಪಂಜಿಗೆ ರಾಳದ ಪುಡಿ ಎರಚಿ ಭುಗಿಲೆಬ್ಬಿಸುವುದು ಬಯಲಾಟಗಳ ಹಳೆಯ ರೂಢಿ. ರಂಗದ ಬೆಳಕು ಕಥೆಗೆ ತಕ್ಕಂತೆ ಬದಲಾದದ್ದು ಹೀಗೆ.

ಕಂಪನಿ ನಾಟಕಗಳ ಕಾಲಕ್ಕೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿತ್ತು. ಆದರೂ ರಂಗದ ನಂಟು ಪಕ್ಕದ ಗದುಗಿನ ಜೊತೆ. ಗದುಗಿನಲ್ಲಿ ಶಾಂತಕವಿಗಳು 19ನೆಯ ಶತಮಾನದ ಉತ್ತರಾರ್ಧದಲ್ಲಿ ನಾಟಕ ಮಂಡಳಿ ಕಟ್ಟಿದ್ದರು. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಅಲ್ಲಿಂದಲೇ ಹೆಸರಾಯಿತು. ಗದಗ, ಕೊಪ್ಪಳ, ಹೊಸಪೇಟೆಗಳನ್ನು ಕೂಡಿಸಿದ ರೈಲುದಾರಿ ನಾಟಕ ಕಂಪನಿಗಳ ಪರದೆ, ಪೆಟ್ಟಿಗೆ, ದೀಪಗಳಿಗೂ ದಾರಿಯಾಯಿತು. ಕಂಪನಿಯ ಜೊತೆ ಬಂದದ್ದು ಗ್ಯಾಸ್‌ಬತ್ತಿ. ಸೀಮೆಎಣ್ಣೆಯನ್ನು ಗಾಳಿಯ ಒತ್ತಡದಿಂದ ಆವಿಯಾಗಿಸಿ, ರೇಷ್ಮೆಯಂಥ ಮ್ಯಾಂಟಲ್ ಮೇಲೆ ಉರಿಸುವ ಈ ದೀಪದ ಬೆಳಕು ಪಂಜಿಗಿಂತ ಬಿಳುಪು. ಪರದೆಯ ಮೇಲೆ ಬರೆದ ಅರಮನೆ, ಅರಣ್ಯಗಳ ನೀಲಿ-ಹಸಿರುಗಳು ಈ ಬೆಳಕಿನಲ್ಲಿ ಎದ್ದು ಕಂಡವು. ದೇವರು ಪ್ರತ್ಯಕ್ಷನಾಗುವ ದೃಶ್ಯಕ್ಕೆ ಮತಾಪು: ಸ್ಟ್ರಾನ್ಷಿಯಂ ಲವಣ ಕೆಂಪಾಗಿ, ಬೇರಿಯಂ ಲವಣ ಹಸಿರಾಗಿ ಉರಿಯುತ್ತದೆ. ಚಪ್ಪಾಳೆಯ ಹಿಂದೆಯೇ ಹೊಗೆಯೂ ಬರುತ್ತಿತ್ತು.

ವಿದ್ಯುತ್ತು ತಡವಾಗಿ ಬಂತು. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು. ಎಡದಂಡೆಯ ಮುನಿರಾಬಾದಿನ ವಿದ್ಯುದಾಗಾರ 1962ರಲ್ಲಿ ಚಾಲೂ ಆಯಿತು. ಅಷ್ಟರಲ್ಲಿ, 1956ರಲ್ಲಿ, ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತ್ತು. ಊರಿಗೆ ಕರೆಂಟು ಬಂದಮೇಲೆ ಹಳ್ಳಿಯ ಹವ್ಯಾಸಿ ನಾಟಕಗಳೂ ಹೆಚ್ಚಿದವು. ಹುನಗುಂದ ಸೀಮೆಯ ಸೂಳೇಬಾವಿಯ ಪಿ.ಬಿ. ಧುತ್ತರಗಿ ಅವರ ‘ಸಂಪತ್ತಿಗೆ ಸವಾಲ್’ನಂಥ ಸಾಮಾಜಿಕ ನಾಟಕಗಳು ಜಾತ್ರೆ, ಹಬ್ಬಗಳಲ್ಲಿ ಊರೂರಿಗೂ ಹೋದವು. ಸೀನು, ಮೈಕು, ಲೈಟುಗಳನ್ನು ಬಾಡಿಗೆಗೆ ಕೊಡುವ ರಂಗಸಜ್ಜಿಕೆಯವರ ಕಸುಬು ಬೆಳೆದದ್ದು ಈ ಹಳ್ಳಿ ನಾಟಕಗಳ ಬೆನ್ನ ಮೇಲೆಯೇ.

ಆ ಕಾಲದ ‘ಫೋಕಸ್’ ಎಂದರೆ ತಗಡಿನ ಡಬ್ಬಿಯಲ್ಲಿ ದೊಡ್ಡ ಬಲ್ಬು, ಮುಂದೆ ಜಿಲೆಟಿನ್ ಹಾಳೆ. ನಾಲ್ಕೈದು ಬಣ್ಣದ ಹಾಳೆ ಅಂಟಿಸಿದ ಚಕ್ರವನ್ನು ಕೈಯಿಂದ ತಿರುಗಿಸಿದರೆ ಬಣ್ಣ ಬದಲಾಗುತ್ತಿತ್ತು. ತತ್ವ ತೊಗಲುಗೊಂಬೆಯದೇ: ಬೇಡದ ಬಣ್ಣಗಳನ್ನು ಹಾಳೆ ತಡೆದು, ಬೇಕಾದ್ದನ್ನು ಮಾತ್ರ ಬಿಡುತ್ತದೆ. ಇದರಲ್ಲಿ ನಷ್ಟ ದೊಡ್ಡದು. ಗಾಢ ನೀಲಿ ಹಾಳೆ ದಾಟಿ ಬರುವುದು ನೂರಕ್ಕೆ ಐದು ಪಾಲಿಗಿಂತಲೂ ಕಡಿಮೆ ಬೆಳಕು. ತಡೆದದ್ದೆಲ್ಲ ಕಾವಾಗಿ ಹಾಳೆಯನ್ನೇ ಸುಡುತ್ತದೆ. ಬೆಳಕನ್ನು ನಿಧಾನವಾಗಿ ಏರಿಸಿ ಇಳಿಸಲು ದೇಶದ ಹಲವು ರಂಗಗಳಲ್ಲಿ ಬಳಸಿದ್ದು ಉಪ್ಪುನೀರಿನ ಡಿಮ್ಮರ್. ಪಿಂಗಾಣಿ ಕೊಳವೆಯ ಉಪ್ಪುನೀರಿನಲ್ಲಿ ಒಂದು ಲೋಹದ ತುಂಡು ತಳದಲ್ಲಿ, ಇನ್ನೊಂದು ಮೇಲಿಂದ ತೂಗಿರುತ್ತದೆ. ಅದನ್ನು ಕೆಳಗಿಳಿಸಿದಷ್ಟೂ ಪ್ರವಾಹ ಹೆಚ್ಚಿ ದೀಪ ಬೆಳಗುತ್ತದೆ, ಎತ್ತಿದರೆ ಮಂಕಾಗುತ್ತದೆ. ನೀರು ಕಾದು ಕುದಿಯುವುದೂ ಉಂಟು. ಕೈ ತಪ್ಪಿದರೆ ಜೀವಕ್ಕೇ ಅಪಾಯ. ಇಂಥ ಸಲಕರಣೆಯನ್ನು ನಂಬಿ ರಾತ್ರಿಯಿಡೀ ನಿಂತ ಬೆಳಕಿನವರ ಹೆಸರು ಕರಪತ್ರಗಳಲ್ಲಿ ಸಿಗುವುದು ಅಪರೂಪ. ಇದು ನಮ್ಮ ರಂಗಚರಿತ್ರೆಯ ದೊಡ್ಡ ಕೊರತೆ.

1985ರಲ್ಲಿ ಆರಂಭವಾದ ನೀನಾಸಮ್ ತಿರುಗಾಟ, 1997ರಲ್ಲಿ ಆರಂಭವಾದ ಸಾಣೇಹಳ್ಳಿಯ ಶಿವಸಂಚಾರ ಎಂಬ ಸಂಚಾರಿ ನಾಟಕ ತಂಡಗಳು ತಮ್ಮ ದೀಪಗಳನ್ನು ಹೊತ್ತು ರಾಜ್ಯ ಸುತ್ತಿದಾಗ ಬೆಳಕಿನ ಬೇರೊಂದು ಬಳಕೆ ಕಾಣಿಸಿತು. ಕತ್ತಲೆಯೂ ರಂಗದ ಒಂದು ಸಾಮಗ್ರಿ ಎಂಬುದು, ದೃಶ್ಯ ಬದಲಿಸಲು ಪರದೆ ಬೀಳಲೇಬೇಕಿಲ್ಲ ಎಂಬುದು ಜಿಲ್ಲಾ ಕೇಂದ್ರಗಳ ಪ್ರೇಕ್ಷಕರಿಗೆ ಮನವರಿಕೆಯಾದದ್ದು ಇಂಥ ತಂಡಗಳಿಂದ. ಕೊಪ್ಪಳವೂ 1997ರಲ್ಲೇ ಜಿಲ್ಲೆಯಾಯಿತು.

ರಂಗದ ಬೆಳಕಿನಲ್ಲಿ ಈಗ ಆಗಿರುವ ಬದಲಾವಣೆಯ ಬೇರು ಎರಡು ಕಡೆ ಇದೆ. 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು ದೀಪಗಳನ್ನು ನಿಯಂತ್ರಿಸುವ ಡಿಎಂಎಕ್ಸ್ 512 ಎಂಬ ಸಂಕೇತ ಪದ್ಧತಿಯನ್ನು ರೂಪಿಸಿತು. ಒಂದೇ ತಂತಿಯಲ್ಲಿ 512 ಚಾನೆಲ್. ಪ್ರತಿ ಚಾನೆಲ್‌ಗೆ 0ಯಿಂದ 255ರವರೆಗಿನ ಬೆಲೆ. 1990ರ ದಶಕದಲ್ಲಿ ಪ್ರಖರ ನೀಲಿ ಎಲ್‌ಇಡಿ ಜಪಾನಿನಲ್ಲಿ ಸಿದ್ಧವಾಯಿತು. ಅದರ ಹಿಂದಿನ ಶೋಧಕ್ಕೆ 2014ರಲ್ಲಿ ನೊಬೆಲ್ ಬಂತು. ಕೆಂಪು, ಹಸಿರು, ನೀಲಿ ಮೂರೂ ಒಂದೇ ದೀಪದಲ್ಲಿ ಕೂಡಿದಮೇಲೆ ಬಣ್ಣ ಹಾಳೆಯನ್ನು ಬಿಟ್ಟು ದೀಪದೊಳಕ್ಕೇ ಹೋಯಿತು. ಮೊದಲು ಬಣ್ಣ ಪಡೆಯಲು ಬೆಳಕನ್ನು ಕಳೆಯುತ್ತಿದ್ದರು, ಈಗ ಕೂಡಿಸುತ್ತಾರೆ.

ಬಾಡಿಗೆ ಲೈಟಿನವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಈ ಸಂಕೇತ ಕಳಿಸುವ 192 ಚಾನೆಲ್‌ನ ಸಣ್ಣ ಕನ್ಸೋಲು. ಅದರಲ್ಲಿ 12 ದೀಪಗಳಿಗೆ ಗುಂಡಿಗಳಿದ್ದು, ಒಂದೊಂದಕ್ಕೆ 16 ಚಾನೆಲ್ ಮೀಸಲು. ಆದ್ದರಿಂದ ಮೊದಲ ದೀಪದ ವಿಳಾಸ (ಅದರ ಆರಂಭದ ಚಾನೆಲ್) 1, ಎರಡನೆಯದರದು 17, ಮೂರನೆಯದರದು 33. ವಿಳಾಸವನ್ನು ದೀಪದ ಹಿಂಬದಿಯ ಗುಂಡಿಗಳಿಂದ ಬರೆಯಬೇಕು. ಎರಡು ದೀಪಗಳಿಗೆ ಒಂದೇ ವಿಳಾಸ ಕೊಟ್ಟರೆ ಎರಡೂ ಒಟ್ಟಿಗೆ ಬದಲಾಗುತ್ತವೆ. ಕೆಲವೊಮ್ಮೆ ಬೇಕೆಂದೇ ಹಾಗೆ ಮಾಡುವುದುಂಟು. ತಂತಿ ಒಂದು ದೀಪದಿಂದ ಇನ್ನೊಂದಕ್ಕೆ ಸರಪಳಿಯಂತೆ ಹೋಗಿ, ಕೊನೆಯ ದೀಪದಲ್ಲಿ 120 ಓಮ್ ರೋಧಕದಿಂದ ಮುಗಿಯಬೇಕು. ಅದಿಲ್ಲದಿದ್ದರೆ ಸಂಕೇತ ಮರಳಿ ಬಡಿದು ದೀಪಗಳು ತಾವಾಗಿ ಮಿನುಗತೊಡಗಬಹುದು. ಕೆಂಪು, ಹಸಿರು, ನೀಲಿಯ ಗುಂಡಿಗಳನ್ನು ಸರಿಸಿ ಹೊಂದಿಸಿದ ಬಣ್ಣವನ್ನು ‘ಸೀನ್’ ಎಂದು ಉಳಿಸಿಟ್ಟರೆ, ಆಮೇಲೆ ಒಂದು ಒತ್ತಿನಲ್ಲಿ ಮರಳಿ ಬರುತ್ತದೆ.

ಸುಲಭವಾದದ್ದು ಅತಿಯಾಗುವುದೂ ಸುಲಭ. ಹಾಡಿಗೂ ಹೊಡೆದಾಟಕ್ಕೂ ಒಂದೇ ಬಗೆಯ ಮಿಂಚು ಹರಿಸಿದಾಗ ನಟರ ಮುಖ ಹಸಿರೂ ನೀಲಿಯೂ ಆಗಿ ಭಾವ ಅಳಿಸಿಹೋಗುತ್ತದೆ. ಮುಖಕ್ಕೆ ಹಳದಿಬಿಳುಪು, ಬಣ್ಣ ಹಿಂದಿನಿಂದ ಮತ್ತು ಪಕ್ಕದಿಂದ ಎಂಬ ಹಳೆಯ ಪದ್ಧತಿಯೇ ಇಂದಿಗೂ ಸರಿ. ಮೂರು ಬಣ್ಣ ಬೆರೆಸಿ ಮಾಡಿದ ಬಿಳುಪಿನಲ್ಲಿ ಹಳದಿಯ ಪಾಲು ತೀರ ಕಡಿಮೆಯಾದ್ದರಿಂದ ಅರಿಶಿನ, ಬೇಗಡೆ, ಚರ್ಮದ ಬಣ್ಣ ಮೂರೂ ಕಳೆಗುಂದುತ್ತವೆ. ಹಲವು ದೀಪಗಳಿಗೆ ಅಂಬರ್ ಬಣ್ಣವನ್ನು ಬೇರೆಯಾಗಿ ಸೇರಿಸಿರುವುದು ಇದಕ್ಕಾಗಿಯೇ.

ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಈ ಆಟದಲ್ಲೂ ಎಣ್ಣೆದೀಪದ ಜಾಗಕ್ಕೆ ಈಗ ವಿದ್ಯುತ್ ಬಲ್ಬು ಬಂದಿದೆ. ತೊಗಲಿನ ಕೆಂಪಿಗೆ ಹೊಂದುವುದು ಕಾದ ತಂತಿಯ ಹಳದಿ ಬೆಳಕೇ. ಅದನ್ನು ಏರಿಸಿ ಇಳಿಸಲು ಕನ್ಸೋಲಿನ 192ರಲ್ಲಿ ಒಂದು ಚಾನೆಲ್ ಸಾಕು.