ಗೆಜಿರಾದ ಹತ್ತಿ ಮತ್ತು ಬಿಳಿನೊಣ

ಸುಡಾನಿನಲ್ಲಿ ನೀಲಿ ನೈಲ್, ಬಿಳಿ ನೈಲ್ ನದಿಗಳ ನಡುವೆ ಹಬ್ಬಿರುವ ಎರೆಭೂಮಿಯೇ ಗೆಜಿರಾ. 1925ರಲ್ಲಿ ಸೆನ್ನಾರ್ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಬಿಟ್ಟ ಮೇಲೆ ಉದ್ದ ಎಳೆಯ ಹತ್ತಿ ಇಲ್ಲಿನ ಮುಖ್ಯ ಬೆಳೆಯಾಯಿತು. ಬಿಳಿನೊಣ ಆಗಲೂ ಹೊಲದಲ್ಲಿತ್ತು, ಎಲೆ ಮುರುಟು ರೋಗವನ್ನು ಹರಡುತ್ತಿತ್ತು. ಆದರೆ ರಸ ಹೀರಿ ಬೆಳೆ ಕೆಡಿಸುವಷ್ಟು ಅದರ ಸಂಖ್ಯೆ ಏರುತ್ತಿರಲಿಲ್ಲ. ಎಲೆಯಡಿ ಕೂತ ಅದರ ಮರಿಗಳೊಳಗೆ ಮೊಟ್ಟೆಯಿಟ್ಟು ಬೆಳೆಯುವ ಪುಟ್ಟ ಕಣಜಗಳು ಅದನ್ನು ಹತೋಟಿಯಲ್ಲಿಟ್ಟಿದ್ದವು.

1940ರ ದಶಕದ ನಡುಭಾಗದಲ್ಲಿ ಜಿಗಿಹುಳುವಿಗೆಂದು ಡಿಡಿಟಿ ಬಂತು. ವರ್ಷಕ್ಕೊಂದು ಸಿಂಪಡಣೆ, ಒಳ್ಳೆಯ ಇಳುವರಿ. ಯಾರಿಗೂ ಅನುಮಾನ ಬರಲಿಲ್ಲ. 1960ರ ದಶಕದಲ್ಲಿ ಹತ್ತಿಯ ಜೊತೆಗೆ ಶೇಂಗಾ, ಗೋಧಿ ಬೇಸಾಯ ಹೆಚ್ಚಿತು, ಕಾಯಿಕೊರಕವೂ ಬಲಿಯಿತು. ಡಿಡಿಟಿಯ ಜೊತೆ ಡೈಮಿಥೊಯೇಟ್ ಬೆರೆಸಿ ವಿಮಾನದಿಂದ ಹೊಡೆಯುವುದು ವಾಡಿಕೆಯಾಯಿತು. 1970ರ ದಶಕದ ಕೊನೆಗೆ ಒಂದು ಹಂಗಾಮಿಗೆ ಸುಮಾರು 9 ಸಿಂಪಡಣೆ. ಕೀಟ ಹತೋಟಿಯನ್ನೇ ಔಷಧಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟದ್ದು ಈ ಕಾಲದ ದೊಡ್ಡ ತಪ್ಪು ಎನ್ನಬೇಕು.

ಬಿಳಿನೊಣ ಮುಖ್ಯ ಪೀಡೆಯಾದದ್ದು ಆಗಲೇ. ಮೇಲಿಂದ ಬಿದ್ದ ವಿಷ ಎಲೆಯ ಮೇಲ್ಮೈಯಲ್ಲೇ ಹೆಚ್ಚಾಗಿ ಉಳಿಯುತ್ತದೆ, ಮರಿಗಳಿರುವುದು ಅಡಿಯಲ್ಲಿ. ಕಣಜ ಸತ್ತಿತು, ನೊಣ ಉಳಿಯಿತು. ಡಿಡಿಟಿ ಸೋಕಿದ ನೊಣ ಇನ್ನೂ ಹೆಚ್ಚು ಮೊಟ್ಟೆಯಿಡುತ್ತದೆಂದೂ ಪ್ರಯೋಗಗಳಲ್ಲಿ ಕಂಡುಬಂತು. ಬಿಸಿಲ ನಾಡಿನಲ್ಲಿ ಸುಮಾರು ಮೂರು ವಾರಕ್ಕೊಂದು ತಲೆಮಾರು. ಅಲ್ಲದೆ ಫಲಿತವಾಗದ ಮೊಟ್ಟೆಯಿಂದ ಗಂಡು ಹುಟ್ಟುವುದರಿಂದ ಅದಕ್ಕೆ ವಂಶವಾಹಿಗಳ ಒಂದೇ ಜೊತೆ. ವಿಷ ತಾಳುವ ಗುಣ ಇದ್ದರೆ ಅದು ಮರೆಯಾಗಿ ಉಳಿಯುವುದಿಲ್ಲ. ಇಲ್ಲದ ಗಂಡು ಮೊದಲ ಸಿಂಪಡಣೆಗೇ ಸಾಯುತ್ತದೆ. ಹೀಗೆ ಆಯ್ಕೆ ಬಹಳ ಬೇಗ ನಡೆಯುತ್ತದೆ. 1980ರ ದಶಕದ ಮೊದಲ ವರ್ಷಗಳ ಪರೀಕ್ಷೆಗಳಲ್ಲಿ ಗೆಜಿರಾದ ನೊಣ ಡೈಮಿಥೊಯೇಟ್, ಮೊನೊಕ್ರೊಟೊಫಾಸ್ ಎರಡಕ್ಕೂ ಬಗ್ಗುತ್ತಿರಲಿಲ್ಲ.

ನಷ್ಟ ಹೊಲದಲ್ಲೇ ಮುಗಿಯಲಿಲ್ಲ. ನೊಣ ಸುರಿಸುವ ಸಿಹಿ ಅಂಟು ಬಿರಿದ ಕಾಯಿಯ ಅರಳೆಗೆ ಮೆತ್ತಿಕೊಂಡು, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯಿತು. ಅಂಥ ಅರಳೆ ನೂಲುವ ಗಿರಣಿಯ ಉರುಳೆಗಳಿಗೆ ಅಂಟಿ ಎಳೆ ಕಡಿಯುತ್ತಿತ್ತು. ಸುಡಾನಿನ ಹತ್ತಿಯೆಂದರೆ ಕೊಳ್ಳುವವರು ಹಿಂಜರಿಯುವಂತಾಯಿತು.

1980ರ ದಶಕದ ಆರಂಭದಲ್ಲಿ ಹತ್ತಿಗೆ ಡಿಡಿಟಿ ಬಳಕೆ ನಿಂತಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನ ಸಮಗ್ರ ಪೀಡೆ ನಿರ್ವಹಣಾ ಯೋಜನೆ, ಎಲೆಗೆ ಎಷ್ಟು ನೊಣ ಕಂಡರೆ ಔಷಧಿ ಹೊಡೆಯಬೇಕೆಂಬ ಮಿತಿಯನ್ನು ಏರಿಸಿತು. 1990ರ ದಶಕದಲ್ಲಿ ಸಿಂಪಡಣೆ ಕಡಿಮೆಯಾಯಿತು.